ಹೊಲದಲ್ಲಿ ಉಳಿದ ಚಾರ್ಜರ್

ಹುಮನಾಬಾದ್ ಹತ್ತಿರದ ಹುಡಗಿ ಗ್ರಾಮದ ನಮ್ಮ ಹೊಲದಲ್ಲಿ ನನ್ನ ಗಂಡನಿಗೆ ಮಣ್ಣು ಕೊಡುವ ಮುಂಚೆ, ಅವರ ಅಕ್ಕ ಅವರದೇ ಹೆಗಲಚೀಲ ತಂದು ಅವರ ಪಕ್ಕಕ್ಕಿಟ್ಟರು. "ಜಿಂದಗಿಪೂರಾ ಇದನ್ನ ಬಿಟ್ಟಾವಲ್ಲ, ಅವನ ಕೂಡ ಹೋಗ್ಲಿ," ಅಂದರು. ನಾನು ತಲೆಯಾಡಿಸಿದೆ. ಆಗ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದೆ.

ಬಸವಕಲ್ಯಾಣದ ಮನೆಗೆ ಬಂದ ಮೇಲೆ ಫೋಟೋದ ಮಾತು ಬಂತು. ಕಾರ್ಯದ ದಿನ ಹಾರ ಹಾಕಲು ಒಂದು ಬೇಕು. ಕೈಗೆ ಸಿಕ್ಕಿದ್ದು ವೋಟರ್ ಕಾರ್ಡಿನದು. "ಕಳ್ಳನ್ನ ಹಿಡಿದು ಕೂಡ್ಸಿದಂಗ ಅದ" ಅಂತ ಅವರೇ ಅದನ್ನು ನೋಡಿ ನಗುತ್ತಿದ್ದರು. ಆ ಮುಖ ಗೋಡೆಯ ಮೇಲಿಂದ ಜೀವನಪೂರ್ತಿ ನನ್ನನ್ನು ನೋಡುವುದು ಬೇಡವಾಗಿತ್ತು. ನಕ್ಕ ಫೋಟೋ ಒಂದಿತ್ತು, ಕೋಟೆಯ ಬಾಗಿಲಲ್ಲಿ ನಾನೇ ತೆಗೆದದ್ದು. ಇದ್ದದ್ದು ಅವರ ಹಳೇ ಲ್ಯಾಪ್‌ಟಾಪಿನಲ್ಲಿ. ಅದರ ಬ್ಯಾಟರಿ ಎಂದೋ ಹೋಗಿತ್ತು, ವೈರ್ ಹಚ್ಚಿದರೆ ಮಾತ್ರ ಚಾಲೂ ಆಗುತ್ತಿತ್ತು. ಚಾರ್ಜರ್‌ಗಾಗಿ ಮನೆಯೆಲ್ಲ ಹುಡುಕಿದೆ. ಆಮೇಲೆ ನೆನಪಾಯಿತು, ಅದು ಆ ಚೀಲದ ಬದಿಯ ಜೇಬಿನಲ್ಲಿತ್ತು. ನಗುವಾದರೂ ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಒಲೆ ಹಚ್ಚಿ ಚಹಾಕ್ಕಿಟ್ಟೆ.

ಇಂಥ ದಿನಗಳಲ್ಲಿ ಹೊಸ್ತಿಲು ದಾಟಬಾರದು ಅಂದರು ಮನೆಯಲ್ಲಿ. ಅದಕ್ಕೂ ತಲೆಯಾಡಿಸಿ, ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಹೊರಟೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ಅದನ್ನು ಬೋರಲು ಹಾಕಿ, ಹಿಂದಿನ ಚೀಟಿ ಓದಿದರು.

"ವೋಲ್ಟ್ ಇಷ್ಟೇ ಇರಬೇಕ್ರಿ. ಆಂಪಿಯರ್ ಜಾಸ್ತಿ ಇದ್ರ ನಡೀತದ, ಕಮ್ಮಿ ಇರಬಾರ್ದು."

ವೋಲ್ಟ್ ಸರಿಯಿದ್ದದ್ದರ ಪಿನ್ನು ದಪ್ಪ. ಪಿನ್ನು ಕೂತದ್ದರ ಆಂಪಿಯರ್ ಕಮ್ಮಿ.

"ಹಳೇ ಚಾರ್ಜರ್ ತರ್ರಿ ಅಕ್ಕಾರ, ನೋಡಿ ತರಿಸಿ ಕೊಡ್ತೀನಿ."

"ಹಳೇದಿಲ್ರಿ," ಅಂದು ಎದ್ದು ಬಂದೆ.

ಮರುದಿನ ಮಣ್ಣು ಕೊಟ್ಟ ಜಾಗಕ್ಕೆ ಹಾಲು ಹಾಕಲು ಹೊಲಕ್ಕೆ ಹೊರಟವಳು ಲ್ಯಾಪ್‌ಟಾಪ್ ಸಮೇತ ಹುಮನಾಬಾದಿನಲ್ಲಿ ಇಳಿದೆ. ಅಲ್ಲಿನ ಅಂಗಡಿಯಲ್ಲೂ ಅದೇ ಮಾತು.

"ಹಳೇದು ಎಲ್ಲದ ಆಪಾ?" ಉರ್ದುವಿನಲ್ಲಿ ಅಕ್ಕ ಅಂತ ಕರೆದು ಕೇಳಿದರು.

"ಹೊಲದಾಗ ಅದರಿ."

"ಹೊಲದಾಗಾ? ತರ್ರಿ ಮತ್ತ, ಯಾರರ ಒಯ್ದಾರು."

"ಒಯ್ಯಂಗಿಲ್ರಿ. ನಮ್ಮ ಮನಿಯವರ ಕೂಡ ಮಣ್ಣಾಗ ಅದ."

ಸಂತೆಯಲ್ಲಿ ಬದನೆಕಾಯಿ ಕೇಳುವ ದನಿಯಲ್ಲೇ ಹೇಳಿದ್ದೆ. ಅಂಗಡಿಯವರು ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಹಚ್ಚಿ ನೋಡಿದರು. ಕೊನೆಗೆ ಒಂದು ಕೂತಿತು. ವೋಲ್ಟ್ ಅಷ್ಟೇ, ಆಂಪಿಯರ್ ತುಸು ಜಾಸ್ತಿ. ಗರಂ ಆಗುತ್ತದೇನೋ ಅಂತ ಮುಟ್ಟಿ ಮುಟ್ಟಿ ನೋಡಿ, ಫೋಟೋವನ್ನು ಪೆನ್‌ಡ್ರೈವಿಗೂ ಹಾಕಿಕೊಟ್ಟರು.

ಅದೇ ಓಣಿಯ ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿ ತೋರಿಸಿದರು. ಬಿಸಿಲಿಗೆ ಒಂದು ಕಣ್ಣು ಮುಚ್ಚಿ ನಗುತ್ತಿದ್ದರು ನಮ್ಮ ಮನೆಯವರು. ಹೆಗಲಲ್ಲಿ ಆ ಚೀಲ. ಬದಿಯ ಜೇಬಿನಿಂದ ಚಾರ್ಜರ್ ವೈರ್ ಹೊರಗೆ ಜೋತುಬಿದ್ದಿತ್ತು.

"ಈ ಬ್ಯಾಗ ತಗದುಬಿಡ್ಲೇನ್ರಿ ಅಕ್ಕಾರ? ಹಾರ ಹಾಕಿದ್ರ ಚಂದ ಕಾಣ್ತದ."

ಅಷ್ಟು ದಿನಗಳಲ್ಲಿ ಮೊದಲ ಸಲ ನಾನು ತಲೆಯಾಡಿಸಲಿಲ್ಲ. "ಬ್ಯಾಡ್ರಿ, ಇರ್ಲಿ," ಅಂದೆ. ಅನ್ನುವಷ್ಟರಲ್ಲಿ ಅಳು ಬಂತು.