ಡೂಲಾಲಿ ಎಂಬ ಮಾತು

ಮೊನ್ನೆ ಬೀರುವಿನ ತಳದಿಂದ ಸ್ವೆಟರ್ ಎಳೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಜಯನಗರದ ನಮ್ಮ ಪಕ್ಕದ ಮನೆಯ ಮಿಲ್ಟ್ರಿಯವರು ನೆನಪಾದರು. ಅವರ ಖಾಕಿ ಕೋಟಿಗೆ ಸದಾ ಅದೇ ವಾಸನೆ...

ಐವತ್ತರ ದಶಕದ ಕೊನೆ. ನಾನು ಮದುವೆಯಾಗಿ ಆ ಬಡಾವಣೆಗೆ ಬಂದ ಹೊಸದು. ಸುತ್ತ ಇನ್ನೂ ಖಾಲಿ ಸೈಟುಗಳು, ಆಚೆ ರಾಗಿ ಹೊಲ. ಮಿಲ್ಟ್ರಿಯವರಿಗೆ ಹೆಂಡತಿ ಮಕ್ಕಳಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಸಿಕದ ಹತ್ತಿರ ದೇವಲಾಲಿಯ ಮಿಲಿಟರಿ ಆಸ್ಪತ್ರೆಯಲ್ಲಿ ವಾರ್ಡು ನೋಡಿಕೊಂಡಿದ್ದವರು. ಹಗಲೆಲ್ಲ ಸರಿಯಾಗಿಯೇ ಇರುತ್ತಿದ್ದರು. ಸಂಜೆಯಾದರೆ ಗೇಟಿನ ಬಳಿ ನಿಂತು, ಹೋಗಿ ಬರುವವರನ್ನು "ಹಡಗು ಬಂತಾ?" ಎಂದು ಕೇಳುತ್ತಿದ್ದರು. ಬೀದಿಯವರು ನಗುತ್ತಿದ್ದರು.

ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಅವರೇ ಹೇಳಿದರು. ಬಿಳಿ ಸೋಲ್ಜರುಗಳು ತಮ್ಮ ದೇಶಕ್ಕೆ ಹೋಗುವ ಹಡಗಿಗಾಗಿ ದೇವಲಾಲಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತಂತೆ. ಬಿಸಿಲು, ಜ್ವರ, ಮಾಡಲು ಕೆಲಸವಿಲ್ಲ. ಕೆಲವರಿಗೆ ತಲೆ ಕೆಡುತ್ತಿತ್ತು. ಅವರ ನಾಲಿಗೆಯಲ್ಲಿ ಊರಿನ ಹೆಸರು 'ಡೂಲಾಲಿ' ಆಯಿತು. ಅದಕ್ಕೆ, ಜ್ವರಕ್ಕೆ ನಮ್ಮವರು ಅನ್ನುವ 'ತಾಪ' ಸೇರಿ 'ಡೂಲಾಲಿ ಟ್ಯಾಪ್'. ಮೊದಮೊದಲು ಹಾಗೆಂದರೆ ಆ ಊರಿನ ಜ್ವರ, ಆಮೇಲೆ ಹುಚ್ಚು, ಕೊನೆಕೊನೆಗೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡವನೂ ಡೂಲಾಲಿಯೇ.

"ನಾವೂ ನಗ್ತಾ ಅಂತಿದ್ವಮ್ಮಾ. ಒಬ್ಬ ಚಿಕ್ಕ ವಯಸ್ಸಿನವನು ದಿನಾ ಕೈ ಹಿಡ್ಕೊಂಡು ಹಡಗು ಬಂತಾ ಅಂತ ಕೇಳೋನು. ಒಂದಿನ, ಡೂಲಾಲಿ, ಸುಮ್ನೆ ಮಲ್ಕೋ ಅಂದ್ಬಿಟ್ಟು ಊಟಕ್ಕೆ ಹೋದೆ. ವಾಪಸ್ ಬರೋ ಹೊತ್ಗೆ ಜೀವ ಕಳ್ಕೊಂಡಿದ್ದ..."



ಮುಂದಿನ ಬೇಸಿಗೆಯಲ್ಲಿ ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರು ಹೋಗುವ ತನಕ ಅಣ್ಣ ನಿಮ್ಮಲ್ಲಿರಲಿ ಎಂದು ತಮ್ಮ ಕೇಳಿಕೊಂಡಿದ್ದರು. ಮಿಲ್ಟ್ರಿಯವರು ಕೋಟು ಹಾಕಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಸದ್ದಿಲ್ಲದೆ ಕೂತರು. ಹೊತ್ತಿಳಿಯುತ್ತಲೇ ಎದ್ದರು. ನಾನು ತಡೆಯುವಷ್ಟರಲ್ಲಿ ರಸ್ತೆಗೆ ಇಳಿದು, ಹೊರಟು ನಿಂತಿದ್ದ ಗಂಡಿನ ತಂದೆಯನ್ನು ಕೇಳಿಯೇಬಿಟ್ಟರು, "ಹಡಗು ಬಂತಾ ಸಾರ್?"

"ಯಾರಿವರು?" ಎಂದರು ಆತ.

"ಗೊತ್ತಿಲ್ಲ ಸಾರ್, ಯಾರೋ ತಲೆ ಕೆಟ್ಟೋರು," ಎಂದುಬಿಟ್ಟರು ತಮ್ಮ.

ಮಲ್ಲಿಗೆ ಮುಡಿದಿದ್ದ ಹುಡುಗಿ ಮೆಟ್ಟಿಲಿಳಿದು ಬಂದಳು. "ನಮ್ ದೊಡ್ಡಪ್ಪ ಇವ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಆ ಸಂಬಂಧ ಮುರಿಯಿತು. ಅದು ತಮ್ಮಿಂದಲೇ ಎಂದು ಮಿಲ್ಟ್ರಿಯವರಿಗೆ ಅರ್ಥವಾಗಿತ್ತು. ಹುಡುಗಿ ಅತ್ತು ಬೇಡವೆಂದರೂ ಕೇಳದೆ, ತಾವೇ ಹಟ ಹಿಡಿದು ಹುಚ್ಚಾಸ್ಪತ್ರೆಗೆ ಸೇರಿಕೊಂಡರು. ಅವಳು ಭಾನುವಾರ ಭಾನುವಾರ ಊಟ ಕಟ್ಟಿಕೊಂಡು ಹೋಗುತ್ತಿದ್ದಳು. ಒಮ್ಮೆ ನಾನೂ ಹೋದೆ. ಮಿಲ್ಟ್ರಿಯವರು ಪಕ್ಕದ ಮಂಚದವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ಮನೆಗೆ ಮರಳಲೇ ಇಲ್ಲ.

ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದ ಆ ಹುಡುಗಿಯೂ ಹೋದ ವರ್ಷ ತೀರಿಕೊಂಡಳು. ಮಿಲ್ಟ್ರಿಯವರನ್ನು ಕಂಡವರಲ್ಲಿ ಉಳಿದಿರುವುದು ಈಗ ನಾನೊಬ್ಬಳೇ. ನನಗೂ ಅವರ ಮುಖ ಮೊದಲಿನಷ್ಟು ಸ್ಪಷ್ಟವಾಗಿ ಕಾಣುತ್ತಿಲ್ಲ...