ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದ ಮಾಸ್ತರರು

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಪೇಪರ್ ಓದುತ್ತಿದ್ದರು ವಸಂತ ಮಾಸ್ತರರು. ಕಣ್ಣಿನಿಂದ ಓದಿದ್ದು ತಲೆಗೆ ಹೋಗುವುದಿಲ್ಲ, ಕಿವಿಯಿಂದಲೇ ಹೋಗಬೇಕು ಎಂಬುದು ಅವರ ವಾದ. ನಾನು ಒಳಗೆ ರೊಟ್ಟಿ ಕಟ್ಟಿಸಿಕೊಳ್ಳುತ್ತ ಕೇಳುತ್ತಿದ್ದೆ. ಆರನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ದೇಶದ ಸುದ್ದಿಯನ್ನೆಲ್ಲ ಅವರ ದನಿಯಲ್ಲಿಯೇ ತಿಳಿದುಕೊಂಡೆ.

ಗೋಪನಕೊಪ್ಪದ ಈ ಮನೆಯನ್ನು ಕಟ್ಟಿದವನು ನಾನೇ. ಗೌಂಡಿ ಕೆಲಸ ನನ್ನದು. ಊರವರ ಮನೆ ಕಟ್ಟಿ ಬಂದು, ಸಂಜೆ ಬೆಳಕು ಇರುವಷ್ಟು ಹೊತ್ತು ನನ್ನ ಮನೆಗೆ ಇಟ್ಟಿಗೆ ಇಟ್ಟೆ. ಹಿತ್ತಲಲ್ಲಿ ಅವ್ವನಿಗೆಂದು ಬೇರೆ ಬಾಗಿಲು, ಬೇರೆ ಒಲೆ ಇರುವ ಸಣ್ಣ ಮನೆಯನ್ನೂ ಕಟ್ಟಿದ್ದೆ. ಅವ್ವ ತೀರಿಕೊಂಡ ಮೇಲೆ ಅದನ್ನು ಬಾಡಿಗೆಗೆ ಕೊಟ್ಟೆವು. ನಿವೃತ್ತರಾಗಿದ್ದ ಮಾಸ್ತರರು, ತಾಯಿಯಿಲ್ಲದ ಮಗಳು ಸುಧಾಳನ್ನು ಕರೆದುಕೊಂಡು ಅಲ್ಲಿಗೆ ಬಂದರು.

ಮಲಗುವುದಷ್ಟೇ ಹಿಂದೆ, ಹಗಲೆಲ್ಲ ಮುಂದಿನ ಕಟ್ಟೆ. ಅವರು ಕೂತರೆ ಮನೆಗೊಂದು ಕಳೆ ಬರುತ್ತಿತ್ತು. ನನ್ನದೋ ಮೈತುಂಬ ಸಿಮೆಂಟು. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಅಡಿಗೆಮನೆಯ ಬಾಗಿಲಿನಿಂದ ಒಳಗೆ ಬರುವುದು ರೂಢಿ.

ಅವರು ನನ್ನನ್ನು 'ಯಜಮಾನ್ರ' ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರು ಅವರೊಬ್ಬರೇ. ಒಮ್ಮೆ ಗುತ್ತಿಗೆದಾರನೊಬ್ಬ ಬೈಕಿನ ಮೇಲೆ ಕೂತೇ, "ಏ ಗುರುಸಿದ್ದ, ಹೊರಗ ಬಾರಲೇ!" ಎಂದು ಕೂಗಿದ. ಮಾಸ್ತರರು ಪೇಪರ್ ಮಡಿಚಿದರು.

"ಮೊದಲ ಗಾಡಿ ಇಳೀರಿ. ಇದು ಅವರ ಮನಿ. ಯಜಮಾನ್ರು ಅದಾರೇನ್ರಿ ಅಂತ ಕೇಳ್ರಿ, ಕರೀತೇನಿ."

ಆತ ಇಳಿದ. ಕೇಳಿದ. ಅಂದು ನಾನು ಎದೆಯೆತ್ತಿ ಹೊರಗೆ ಬಂದದ್ದು ನನಗಿನ್ನೂ ನೆನಪಿದೆ.

ಸುಧಾಳನ್ನು ನೋಡಲು ಧಾರವಾಡದಿಂದ ಗಂಡಿನ ಕಡೆಯವರು ಬರುವುದಿತ್ತು. ಮಾಸ್ತರರು ಸಂಕೋಚದಿಂದ ಕೇಳಿದರು: "ಹಿಂದಿನ ಖೋಲ್ಯಾಗ ಅಷ್ಟು ಮಂದಿ ಕುಂದ್ರಾಕ ಆಗೂದಿಲ್ರಿ ಯಜಮಾನ್ರ. ನಿಮ್ಮ ಪಡಸಾಲಿ..."

"ಕೇಳೂದೇನ್ರಿ ಅದರಾಗ! ಸುಧಾ ನಮ್ಮ ಹುಡುಗಿ ಅಲ್ಲೇನು?"

ಪಡಸಾಲೆಗೆ ನಾನೇ ಬಣ್ಣ ಹೊಡೆದೆ. ಶಿರಾ, ಉಪ್ಪಿಟ್ಟು ಮಾಡಲು ಹೆಂಡತಿ ನಿಂತಳು. ಆ ದಿನ ಅರ್ಧ ಕೆಲಸ ಬಿಟ್ಟು ಓಡಿ ಬಂದೆ. ಹಿತ್ತಲಲ್ಲಿ ಕಾಲು ತೊಳೆದು, ಅಡಿಗೆಮನೆ ದಾಟಿ, ಹಸಿ ಕಾಲಿನಲ್ಲಿಯೇ ಪಡಸಾಲೆಯ ಹೊಸ್ತಿಲಿಗೆ ಬಂದು ಕೈಮುಗಿದೆ.

"ಇವ್ರು ಯಾರ್ರಿ?" ಎಂದರು ಗಂಡಿನ ತಂದೆ.

ಮಾಸ್ತರರು ನನ್ನತ್ತ ನೋಡಲಿಲ್ಲ. "ನಮ್ಮ ಹಿಂದಿನ ಮನ್ಯಾಗ ಬಾಡಗಿ ಇದ್ದಾನ್ರಿ. ಗೌಂಡಿ. ಗುರುಸಿದ್ದ, ಆಮ್ಯಾಲ ಬಾರಪಾ."

"ಬಾಡಗಿ ಬರೋಬ್ಬರಿ ಕೊಡ್ತಾನಿಲ್ಲೋ?" ಅವರು ನಕ್ಕರು.

"ಕೊಡ್ತಾನ್ರಿ, ಪಾಪ."

ಬೇರೆಲ್ಲ ನುಂಗಿಕೊಂಡೇನು, ಆ 'ಪಾಪ' ಇಂದಿಗೂ ಗಂಟಲಲ್ಲಿದೆ. ಚಹಾದ ತಾಟು ಹಿಡಿದು ಪರದೆಯ ಹಿಂದೆ ನಿಂತಿದ್ದ ಸುಧಾ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದರೆ ಅವಳ ಮದುವೆ ಅಲ್ಲಿಗೇ ಮುಗಿಯುತ್ತಿತ್ತು. ತಿರುಗಿ ಹೋದೆ.

ಒಲೆಯ ಮುಂದೆ ಹೆಂಡತಿ ಸವುಟು ಹಿಡಿದು ನಿಂತಿದ್ದಳು. "ಹೋಗಿ ಹೇಳ್ರಿ, ಯಾರ ಮನಿ ಇದು ಅಂತ. ಇಲ್ಲಾಂದ್ರ ನಾನ ಹೇಳ್ತೇನಿ."

"ಹುಡುಗಿ ಬಾಳಿನ ಪ್ರಶ್ನೆ ಐತಿ. ಸುಮ್ಮನಿರು. ಉಪ್ಪಿಟ್ಟು ತಳ ಹತ್ತೀತು, ನೋಡು."

ಅವ್ವನ ಮನೆಯ ಹೊಸ್ತಿಲ ಮೇಲೆ ಹೋಗಿ ಕೂತೆ, ಬಾಡಿಗೆಯವನ ಹಾಗೆ. ಪಡಸಾಲೆಯಿಂದ ಕೇಳಿಸಿತು: "ಮನಿ ಭಾಳ ಛಲೋ ಕಟ್ಟಿಸೀರಿ ಬಿಡ್ರಿ, ಮಾಸ್ತರ."

ಒಪ್ಪಿಗೆಯಾಯಿತು. ಅವರು ಹೋದ ಮೇಲೆ ಮಾಸ್ತರರು ಹಿತ್ತಲಿಗೆ ಬಂದರು. "ತಪ್ಪ ತಿಳ್ಕೋಬ್ಯಾಡ್ರಿ ಯಜಮಾನ್ರ. ಸ್ವಂತ ಮನಿ ಇಲ್ಲಂದಿದ್ರ ಅವ್ರು ಇಲ್ಲಿ ಕಾಲ ಇಡತಿದ್ದಿಲ್ಲ."

"ಮೊದಲ ನನಗೊಂದು ಮಾತ ಹೇಳಬಾರದಾಗಿತ್ತೇನ್ರಿ? ನಾನ ಗೇಟಿನ್ಯಾಗ ನಿಂತು, 'ಇದ ಮಾಸ್ತರ ಮನಿ, ಬರ್ರಿ' ಅಂತಿದ್ದೆ."

ಅವರು ಏನೋ ಅಂದರು. ಓಣಿಗೆಲ್ಲ ಕೇಳುವ ದನಿ ಅಂದು ಎದುರಿಗಿದ್ದ ನನಗೂ ಕೇಳಿಸಲಿಲ್ಲ.

ಮದುವೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಅಕ್ಕಿಕಾಳು ಹಾಕಿದೆ. ಸುಧಾ ನನ್ನನ್ನು ಹುಡುಕಿಕೊಂಡು ಬಂದು, ಗಂಡನ ಮನೆಯವರೆಲ್ಲ ನೋಡುವಂತೆ, "ಕಾಕಾ" ಎಂದು ಕಾಲಿಗೆ ಬಿದ್ದಳು. ಅವಳ ಅಪ್ಪ ಆಗ ಯಾರೊಂದಿಗೋ ಮಾತಿನಲ್ಲಿದ್ದರು. ಸ್ವಲ್ಪ ದಿನಕ್ಕೆ ಅವರು ಮನೆ ಬಿಟ್ಟು ಧಾರವಾಡಕ್ಕೆ ಹೋದರು.

ಕಳೆದ ವರ್ಷ ಧಾರವಾಡದ ಸಪ್ತಾಪುರಕ್ಕೆ ಕೆಲಸಕ್ಕೆ ಹೋದಾಗ ಅದೇ ದನಿ ಕೇಳಿ ನಿಂತೆ. ದೊಡ್ಡದೊಂದು ಮನೆಯ ಮುಂದಿನ ಕಟ್ಟೆ, ಬಿಳಿ ಅಂಗಿ, ಪೇಪರ್. ನನ್ನನ್ನು ಕಂಡು ಸರಿದು ಜಾಗ ಮಾಡಿದರು.

"ಬರ್ರಿ ಯಜಮಾನ್ರ, ಕುಂದರ್ರಿ."

"ಯಾರ ಮನೀರಿ ಇದು, ಮಾಸ್ತರ?" ಎಂದೆ, ನಿಂತುಕೊಂಡೇ.

ಪೇಪರನ್ನು ಮುಖಕ್ಕೆ ಎತ್ತಿಕೊಂಡರು. ಓದಲಿಲ್ಲ. ನಾನು ಕೆಲಸಕ್ಕೆ ನಡೆದೆ.

ನಮ್ಮ ಕಟ್ಟೆಯ ಮೇಲೆ ಈಗ ಯಾರೂ ಕೂಡುವುದಿಲ್ಲ. ನಾನು ಮುಂದಿನ ಬಾಗಿಲಿನಿಂದಲೇ ಮನೆಗೆ ಬರುತ್ತೇನೆ, ಸಿಮೆಂಟಿನ ಕಾಲಿನಲ್ಲಿಯೇ. ಹೆಂಡತಿ ಬೈಯುತ್ತ ಹಿಂದೆ ಹಿಂದೆ ಒರೆಸುತ್ತ ಬರುತ್ತಾಳೆ.