ಏಳು ಮುಖ, ಯಾರದೋ ನಗು

ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರ ಗೋಡೆಯ ಮೇಲೆ ಏಳು ಹೆಂಗಸರ ಚಿತ್ರವಿದೆ. ಅವರು ಮೂಗು-ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಸುಣ್ಣ ಹೊಡೆದು ಅಳಿಸಲಾಗಿದೆ. ಆ ಜಾಗದಲ್ಲಿ ಏಳು ನಗುವ ಬಾಯಿ ಬರೆಯಲಾಗಿದೆ. ಚಿತ್ರ ಬರೆದವಳನ್ನು ಯಾರೂ ಕೇಳಿಲ್ಲ.

ಬರೆದವಳು ದುರ್ಗಾ. ನಸುಕಿನಲ್ಲೇ ಬಂದು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಬಿಸಿಲು ಬಿದ್ದ ಮೇಲೆ ಬಣ್ಣ ಸುಳ್ಳು ಹೇಳುತ್ತದೆಂದು ಅವಳ ಕೆಲಸವೆಲ್ಲ ಹೊತ್ತೇರುವ ಮುಂಚೆ. ಇವತ್ತು ಕುಂಚ ಹಿಡಿದಿಲ್ಲ. ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದಾಳೆ. ಕಾವಲುಗಾರ ಮಲ್ಲೇಶಪ್ಪ ಚಹಾ ತಂದರೆ ಮೊದಲು ಅವನ ಉಗುರಿನ ಸಂದಿಯಲ್ಲಿ ಕೆಂಪು ಉಳಿದಿದೆಯೇ ಎಂದು ನೋಡುತ್ತಾಳೆ, ಆಮೇಲೆ ಚಹಾ.

"ಬೀಡಿ ಬಿಟ್ಟರ ಈ ಕೈ ಬ್ಯಾರೇ ಏನೂ ಹಿಡದಿಲ್ಲ ತಂಗಿ," ಎಂದು ಅವನು ಅಂಗೈ ತೋರಿಸುತ್ತಾನೆ.

ಅನುಮಾನ ಅವಳಿಗೆ ಹೊಸದಲ್ಲ. ದಿನದ ಕೆಲಸ ಮುಗಿದಾಗ ಬಣ್ಣ ಎಲ್ಲಿಯವರೆಗಿದೆಯೆಂದು ಡಬ್ಬಿಯೊಳಗೆ ಗೆರೆ ಕೊರೆದೇ ಮುಚ್ಚುತ್ತಾಳೆ. ಅಂಗಡಿಯ ಕೆಂಪನ್ನೂ ನಂಬುವುದಿಲ್ಲ. ಒಣಮೆಣಸಿನಕಾಯಿ ನೆನೆಸಿ ಗೋಡೆಗೆ ಉಜ್ಜಿ, ಪಕ್ಕದಲ್ಲಿ ಬಣ್ಣ ಹಚ್ಚಿ ತಾಳೆ ನೋಡುತ್ತಾಳೆ. ಆ ಕೆಂಪು ಕಾಯಿಗೆ ಮಾತ್ರ. ಈಗ ಅದೇ ಕೆಂಪು ಏಳು ತುಟಿಗಳ ಮೇಲೆ ಕೂತಿದೆ.

ಅವಳ ಅವ್ವ ಮಂಗಳವ್ವ ಇದೇ ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಾಳೆ. ಘಾಟು ತಡೆಯಲು ಹಳೇ ಸೀರೆಯ ಚೂರನ್ನು ಮೂಗಿಗೆ ಬಿಗಿಯುತ್ತಾಳೆ. ಮಗಳು ಬೆಳೆದದ್ದು ಚೀಲದ ರಾಶಿಯ ಮರೆಯಲ್ಲಿ, ಇದ್ದಿಲಿನಿಂದ ಗೀಚುತ್ತ.

"ಹಗಲಿನ್ಯಾಗ ನಮ್ಮವ್ವನ ಬಾಯಿ ನಾ ನೋಡಿದ್ದ ಕಡಿಮಿ. ಸಿಟ್ಟೋ ನಗುವೋ, ಕಣ್ಣಾಗ ಓದೂದ ಕಲ್ತೆ," ಎನ್ನುತ್ತಾಳೆ ದುರ್ಗಾ. ಇಂದಿಗೂ ಅವಳು ಮೊದಲು ಬರೆಯುವುದು ಕಣ್ಣು.

ಕೈ ಪಳಗಿದ್ದು ರಾಣೆಬೆನ್ನೂರಿನಲ್ಲಿ, ಬೋರ್ಡು ಬರೆಯುವ ದಿಲಾವರನ ಬಳಿ. ಒಂದು ವರ್ಷ ಬರೀ ಗೆರೆ, ಇನ್ನೊಂದು ವರ್ಷ ಅಕ್ಷರ, ಮೂರನೆಯದರಲ್ಲಿ ಮುಖ. ಆಮೇಲೆ ಹನ್ನೊಂದು ವರ್ಷ ಹಾವೇರಿ, ಅಗಡಿ, ಕಾಗಿನೆಲೆ ಸುತ್ತಿ ಅಂಗಡಿಯ ಹೆಸರು, ಶಾಲೆಯ ಗೋಡೆ ಬರೆದಳು. ಎಲ್ಲೂ ತನ್ನ ಹೆಸರಿಲ್ಲ. ಇಪ್ಪತ್ತೆರಡು ಮುಂಜಾವು ನುಂಗಿದ, ನಲವತ್ತು ಅಡಿಯ ಈ ಗೋಡೆಯ ಬಲಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟುಕೊಂಡಿದ್ದಾಳೆ. ಅಲ್ಲಿ ಮೊದಲ ಸಲ ತನ್ನ ಹೆಸರು ಬರೆಯಬೇಕು.

ಚಿತ್ರದಲ್ಲಿ ಎಡದಿಂದ ಮೂರನೆಯವಳು ಮಂಗಳವ್ವ. ಹೊಸ ಬಾಯಿ ಕಂಡು ಅವಳು ಕೇಳಿದ್ದು ಇಷ್ಟೇ: "ಇದ ಯಾರ ಬಾಯೆವ್ವಾ, ನನ್ನ ಮಾರಿಗೆ ತಂದು ಹಚ್ಚ್ಯಾರ?"

ನಾಲ್ಕನೆಯ ಬಾಯಿಯ ಮುಂದೆ ದುರ್ಗಾಳ ಕಣ್ಣು ನಿಲ್ಲುತ್ತದೆ. ಮೇಲ್ದುಟಿಯನ್ನು ಬಲದಿಂದ ಎಡಕ್ಕೆ ಒಂದೇ ಉಸಿರಿನಲ್ಲಿ ಎಳೆದಿದ್ದಾರೆ. ಎಡಗೈಯ ಎಳೆತ ಅದು. ಎಡಗೈಯಲ್ಲಿ ಬರೆಯುವವನು ಅವಳಿಗೆ ಗೊತ್ತಿರುವುದು ಒಬ್ಬನೇ. ಚಹಾ ಅರ್ಧಕ್ಕೆ ಬಿಟ್ಟು ರಾಣೆಬೆನ್ನೂರಿನ ಬಸ್ಸು ಹತ್ತುತ್ತಾಳೆ.

ದಿಲಾವರ ಮುಚ್ಚಿಡುವುದಿಲ್ಲ. "ನಾ ಬರೂದ್ರಾಗ ಮೂಗಿನ ಕೆಳಗ ಬರೀ ಸುಣ್ಣ ಇತ್ತವ್ವಾ. ಹುಡುಗಿ ಅರ್ಧಕ್ಕ ಬಿಟ್ಟು ಹೋಗ್ಯಾಳ, ಪೂರಾ ಮಾಡ್ರಿ ಅಂದ್ರು." ಕುಂಚ ಒರೆಸುತ್ತ ತಲೆ ತಗ್ಗಿಸುತ್ತಾನೆ. "ನೀ ಅರ್ಧಕ್ಕ ಬಿಡಾಕಿ ಅಲ್ಲ ಅಂತ ನಂಗ ಹೊಳೀಬೇಕಿತ್ತು."

ಪೂರಾ ಮಾಡಲು ಅವನಿಗೆ ಹೇಳಿದವನು ಗೋದಾಮಿನ ಮ್ಯಾನೇಜರ್ ಋಷಿಕೇಶ. ಸೋಮವಾರ ಹಾವೇರಿಯಿಂದ ಅಧಿಕಾರಿಗಳು ಬರುತ್ತಾರೆ. ಮೂಗಿಗೆ ಬಟ್ಟೆ ಕಂಡರೆ ಘಾಟಿನ ಮಾತು ಬರುತ್ತದೆ, ಘಾಟಿನ ಮಾತು ಬಂದರೆ ಕೆಮ್ಮಿನ ಮಾತು. ಒಳಗೆ ಗಾಳಿಗೊಂದು ಕಿಟಕಿ ಒಡೆಸುವುದಕ್ಕಿಂತ ಹೊರಗೆ ಏಳು ನಗು ಬರೆಸುವುದು ಸಲೀಸು.

ಮಧ್ಯಾಹ್ನ ದುರ್ಗಾ ಮರಳಿ ಬಂದಾಗ ಋಷಿಕೇಶನೇ ಗೋಡೆಯ ಬಳಿ ನಿಂತಿದ್ದಾನೆ, ಕೈಯಲ್ಲಿ ಹೊಸ ಕುಂಚ. ಇಲ್ಲಿನ ಕೆಲಸದವಳ ಮಗಳೇ ಬರೆದದ್ದೆಂದು ಅಧಿಕಾರಿಗಳಿಗೆ ತೋರಿಸಬೇಕಂತೆ.

"ಮೂಲ್ಯಾಗ ನಿನ್ನ ಹೆಸರ ಬರದಬಿಡವಾ, ಲಗೂ."

ಹನ್ನೊಂದು ವರ್ಷ ಕಾದ ಹೆಸರಿಗೆಂದು ಬಿಟ್ಟ ಅಂಗೈಯಗಲ ಜಾಗ ಖಾಲಿ ಇದೆ. ದುರ್ಗಾ ಅದನ್ನು ನೋಡುತ್ತಾಳೆ, ಅವನು ಚಾಚಿದ ಕುಂಚವನ್ನೂ ನೋಡುತ್ತಾಳೆ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಾಳೆ.

"ಈ ಏಳು ಮಂದಿ ಯಾರಂತ ನಂಗ ಗೊತ್ತಿಲ್ರಿ. ಗುರುತಿಲ್ಲದವ್ರ ಕೆಳಗ ನಾ ಹೆಸರ ಹಾಕೂದಿಲ್ಲ."